ಮಾರಾಟವೊಂದೇ ಬಡ್ತಿಗೆ ಸಾಲದು

ಕಲಬುರಗಿಯ ಬಟ್ಟೆ ಮಳಿಗೆಯಲ್ಲಿ 4 ವರ್ಷ ಎಲ್ಲರಿಗಿಂತ ಹೆಚ್ಚು ಮಾರಿಯೂ ಫ್ಲೋರ್ ಮ್ಯಾನೇಜರ್ ಹುದ್ದೆ ಏಕೆ ಸಿಗಲಿಲ್ಲವೆಂದು ಕೇಳಿದ್ದೀರಿ. ಕೌಂಟರಿನಾಚೆಗಿನ ದಾಸ್ತಾನು, ಪಾಳಿಗಳಿಗೆ ನೀವು ಕೈ ಹಾಕದಿರುವುದೇ ಬಹುಶಃ ಕಾರಣ.

ಮೊದಲು ತಿಂಗಳ ಕೊನೆಯ ಸ್ಟಾಕ್ ಎಣಿಕೆಯನ್ನು ಕೇಳಿ ವಹಿಸಿಕೊಳ್ಳಿ. ಕಂಪ್ಯೂಟರಿನಲ್ಲಿ 40 ಎಂದಿರುವ ಇಳಕಲ್ ಸೀರೆ ಕಪಾಟಿನಲ್ಲಿ 37 ಇದ್ದರೆ, ಆ ಮೂರು ಬಾರ್‌ಕೋಡಿನ ತಪ್ಪೋ, ದಾಖಲಾಗದ ವಾಪಸೋ, ಕಳವೋ ಎಂದು ಪತ್ತೆಹಚ್ಚಿ ಬರೆದುಕೊಡಿ. ನನಗೆ ಬಡ್ತಿ ತಂದದ್ದು ಇಂಥದೊಂದು ಹಾಳೆಯೇ. ಬಳಿಕ ಶರಣಬಸವೇಶ್ವರ ಜಾತ್ರೆಯ ವಾರಕ್ಕೆ, ಸಂಜೆಗೆ ಹೆಚ್ಚು ಜನರಿರುವಂತೆ ಪಾಳಿಪಟ್ಟಿ ಸಿದ್ಧಪಡಿಸಿ ತೋರಿಸಿ. ಅನಂತರವೇ, ಗಿರಾಕಿಗಳಿಲ್ಲದ ಮಧ್ಯಾಹ್ನದ ಹೊತ್ತಿನಲ್ಲಿ, ಆ ಹುದ್ದೆಗೆ ನಿಮ್ಮಲ್ಲಿ ಏನು ಕೊರತೆಯಿದೆಯೆಂದು ಮಾಲೀಕರನ್ನೇ ಕೇಳಿ. ಹುದ್ದೆ ಮನೆಯವರಿಗೇ ಮೀಸಲಾಗಿದ್ದರೆ ಇದು ಫಲಿಸದಿರಬಹುದು. ಆಗ ಇದೇ ಅನುಭವವನ್ನು ಬರೆದು ಬೇರೆ ಮಳಿಗೆಗೆ ಅರ್ಜಿ ಹಾಕಿ.