ಹ್ಯಾಲೋವೀನ್ ನಿಮ್ಮ ಹಬ್ಬಾನಾ ಅಂತ ಕೇಳಿದವರಿಗೆ

ನಿಮ್ಮ ಪ್ರಶ್ನೆ ಹೀಗಿತ್ತು: "ಹ್ಯಾಲೋವೀನ್, ವ್ಯಾಲೆಂಟೈನ್ಸ್ ಡೇ, ಸಾಂತಾ ಕ್ಲಾಸ್ ಇವೆಲ್ಲ ಕ್ರಿಶ್ಚಿಯನ್ನರಿಗೆ ಧಾರ್ಮಿಕ ಹಬ್ಬಗಳಾ? ನೀವು ದೀಪಾವಳಿ ಮಾಡಬಹುದಾ? ಸಿನಿಮಾದಲ್ಲಿ ತೋರಿಸುವ ಹಾಗೇ ಇರ್ತೀರಾ? ಮಂಗಳೂರು ಕಡೆಯ ಸಹೋದ್ಯೋಗಿಯೊಬ್ಬರು ಕ್ರಿಸ್‌ಮಸ್‌ಗೆ ಮನೆಗೆ ಕರೆದಿದ್ದಾರೆ, ಏನು ತಗೊಂಡು ಹೋಗಲಿ?"

ನಾನು ಕಾರ್ಕಳದ ಕಡೆಯ ಕ್ಯಾಥೊಲಿಕ್ ಹುಡುಗಿ. ಈಗ ಬೆಂಗಳೂರಿನಲ್ಲಿ ಕೆಲಸ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಓದಿದ್ದು ಕನ್ನಡದಲ್ಲಿ. ಎಲ್ಲ ಕ್ರೈಸ್ತರ ಪರವಾಗಿ ಮಾತಾಡುವ ಹಕ್ಕು ನನಗಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ನಾವಿದ್ದದ್ದು ಶೇ 1.87. ಅಷ್ಟರಲ್ಲೇ ಕ್ಯಾಥೊಲಿಕ್, ಸಿಎಸ್‌ಐ, ಪೆಂಟೆಕೋಸ್ಟಲ್, ಸಿರಿಯನ್ ಅಂತ ನೂರೆಂಟು ಪಂಗಡ. ಹಾಗಾಗಿ ನಮ್ಮ ಮನೆಯ, ನಮ್ಮ ಊರಿನ ಕತೆ ಅಂತಲೇ ಓದಿಕೊಳ್ಳಿ.

ನೇರವಾಗಿ ಹೇಳಿಬಿಡುತ್ತೇನೆ. ನೀವು ಕೇಳಿದ ಮೂರರಲ್ಲಿ ಒಂದೂ ನಮ್ಮ ಮನೆಯ ಹಬ್ಬ ಅಲ್ಲ. ಟಿವಿ, ಮಾಲ್, ಇನ್‌ಸ್ಟಾಗ್ರಾಂ ಮೂಲಕ ನಿಮಗೆ ಹೇಗೆ ಬಂದವೋ ನನಗೂ ಹಾಗೇ ಬಂದವು. ನಮ್ಮ ನಿಜವಾದ ದೊಡ್ಡ ಹಬ್ಬದ ಹೆಸರು ನಿಮ್ಮ ಪಟ್ಟಿಯಲ್ಲೇ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹ್ಯಾಲೋವೀನ್. ನವೆಂಬರ್ 1 ಸಕಲ ಸಂತರ ಹಬ್ಬ, ಅದರ ಹಿಂದಿನ ರಾತ್ರಿಯೇ ಹ್ಯಾಲೋವೀನ್. ಚರ್ಚಿಗೂ ಅದಕ್ಕೂ ಇರುವ ನಂಟು ಹೆಚ್ಚುಕಡಿಮೆ ಅಷ್ಟೇ. ವೇಷ ಹಾಕುವುದು, ತರಕಾರಿ ಕೊರೆದು ದೀಪ ಇಡುವುದು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ರೂಢಿ. ಅಲ್ಲಿನವರು ಅಮೆರಿಕಕ್ಕೆ ವಲಸೆ ಹೋದ ಮೇಲೆ ಅದು ಕುಂಬಳಕಾಯಿ ಆಯಿತು, ವ್ಯಾಪಾರವೂ ಆಯಿತು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳು ರಕ್ತದ ಬಣ್ಣ ಬಳಿದುಕೊಂಡು ಚಾಕಲೇಟ್ ಕೇಳಲು ಬಂದಿದ್ದ ಫೋಟೋವನ್ನು ಅಜ್ಜಿಗೆ ತೋರಿಸಿದೆ. ಅಜ್ಜಿಗೆ ಮಕ್ಕಳ ಚಿಂತೆ ಇರಲಿಲ್ಲ. ಅಷ್ಟು ಒಳ್ಳೆ ಕುಂಬಳಕಾಯಿಯನ್ನು ಪಲ್ಯ ಮಾಡದೆ ಹಾಳು ಮಾಡಿದರಲ್ಲ ಅಂತ ಬೇಜಾರು.

ನಮ್ಮ ಕಡೆ ಆ ವಾರ ನಡೆಯುವುದೇ ಬೇರೆ. ನವೆಂಬರ್ 1 ಅಂದರೆ ರಾಜ್ಯೋತ್ಸವ. ಬೆಳಿಗ್ಗೆ ಶಾಲೆಯಲ್ಲಿ ಧ್ವಜ, ಸಂಜೆ ಚರ್ಚಿನಲ್ಲಿ ಸಂತರ ಹಬ್ಬದ ಪೂಜೆ. ಚಿಕ್ಕವಳಿದ್ದಾಗ ಎರಡೂ ಒಂದೇ ಕಾರ್ಯಕ್ರಮದ ಎರಡು ಭಾಗ ಅಂತಲೇ ತಿಳಿದಿದ್ದೆ. ಮಾರನೇ ದಿನ ಸಕಲ ಮೃತರ ಸ್ಮರಣೆ. ನಾಲ್ಕು ದಿನ ಮೊದಲೇ ಸ್ಮಶಾನದ ಹುಲ್ಲು ಕೀಳುತ್ತಾರೆ, ಸಮಾಧಿಗಳಿಗೆ ಸುಣ್ಣ ಬಳಿಯುತ್ತಾರೆ. 2ನೇ ತಾರೀಕು ಎಲ್ಲರ ಕೈಯಲ್ಲೂ ಹೂವು, ಮೇಣದ ಬತ್ತಿ. ಗಾಳಿಗೆ ಬತ್ತಿ ನಿಲ್ಲುವುದಿಲ್ಲ. ಮೇಣ ಕರಗಿಸಿ ಕಲ್ಲಿಗೆ ಅಂಟಿಸಿ, ಕೈ ಅಡ್ಡ ಹಿಡಿದು ಹಚ್ಚಬೇಕು. ಅಮ್ಮ ಒಂದೊಂದು ಸಮಾಧಿಯ ಹತ್ತಿರ ನಿಂತು, ಇವರು ಅಪ್ಪನ ದೊಡ್ಡಪ್ಪ, ಇವರು ಬೊಂಬಾಯಿಯಲ್ಲಿ ಹಡಗಿನ ಕೆಲಸದಲ್ಲಿದ್ದವರು ಅಂತ ಪ್ರತಿ ವರ್ಷ ಅದೇ ಕತೆ ಹೇಳುತ್ತಾರೆ. ಮಕ್ಕಳು ಕರಗಿದ ಮೇಣ ಕೂಡಿಸಿ ಉಂಡೆ ಕಟ್ಟುತ್ತಾರೆ, ಯಾರ ಉಂಡೆ ದೊಡ್ಡದು ಅಂತ ಜಗಳ. ಪಾದ್ರಿಗಳು ಬಂದು ಪವಿತ್ರ ಜಲ ಚಿಮುಕಿಸಿ ಹೋಗುತ್ತಾರೆ. ಅಲ್ಲಿ ದೆವ್ವದ ಭಯ ಎನ್ನುವುದು ಯಾರಿಗೂ ಇರುವುದಿಲ್ಲ. ನಿಮ್ಮಲ್ಲಿ ಪಿತೃಪಕ್ಷಕ್ಕೆ ಎಡೆ ಇಡುವವರಿಗೆ ಇದು ತಕ್ಷಣ ಅರ್ಥ ಆಗುತ್ತದೆ. ಹ್ಯಾಲೋವೀನ್ ಪಾರ್ಟಿಗೆ ಹೋಗುವವರಿಗೆ ನಾನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ಅಂದಹಾಗೆ ಆಫೀಸಿನ ಹ್ಯಾಲೋವೀನ್ ಪಾರ್ಟಿಗೆ ನಾನೂ ಹೋಗುತ್ತೇನೆ. ಊಟ ಚೆನ್ನಾಗಿರುತ್ತದೆ.

ವ್ಯಾಲೆಂಟೈನ್ಸ್ ಡೇ ಕತೆ ಇನ್ನೂ ತಮಾಷೆ. ಸಂತ ವ್ಯಾಲೆಂಟೈನ್ ಹೆಸರಿನ ಹಬ್ಬವನ್ನು ಕ್ಯಾಥೊಲಿಕ್ ಚರ್ಚು 1969ರಲ್ಲೇ ತನ್ನ ಸಾಮಾನ್ಯ ಕ್ಯಾಲೆಂಡರಿನಿಂದ ಕೈಬಿಟ್ಟಿತು. ಫೆಬ್ರವರಿ 14ಕ್ಕೆ ಈಗ ಇರುವುದು ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಅಣ್ಣತಮ್ಮ ಸಂತರ ಸ್ಮರಣೆ. ಅವರ ಹೆಸರಲ್ಲಿ ಯಾರೂ ಗುಲಾಬಿ ಮಾರುವುದಿಲ್ಲ. 2018ರಲ್ಲಿ, ಮತ್ತೆ 2024ರಲ್ಲಿ, ಬೂದಿ ಬುಧವಾರ ಸರಿಯಾಗಿ ಫೆಬ್ರವರಿ 14ಕ್ಕೇ ಬಂತು. ಅದು ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಮೊದಲ ದಿನ. ಅವತ್ತು ಉಪವಾಸ, ಮಾಂಸ ಮುಟ್ಟುವ ಹಾಗಿಲ್ಲ. ಹಿಂದಿನ ವರ್ಷ ಗರಿಗಳ ಭಾನುವಾರ (ಈಸ್ಟರಿನ ಹಿಂದಿನ ಭಾನುವಾರ) ಚರ್ಚಿನಲ್ಲಿ ಕೊಟ್ಟ ಗರಿಗಳನ್ನು ಸುಟ್ಟು ಮಾಡಿದ ಬೂದಿಯನ್ನು ಹಣೆಗೆ ಹಚ್ಚಿ, ನೀನು ಮಣ್ಣು, ಮತ್ತೆ ಮಣ್ಣಿಗೇ ಸೇರುವೆ ಅಂತ ಪಾದ್ರಿಗಳು ಹೇಳುತ್ತಾರೆ. 2024ರಲ್ಲಿ ಅದೇ ಹಣೆ ಹೊತ್ತು ನಾನು ಮೆಟ್ರೋ ಹತ್ತಿದೆ. ಸುತ್ತ ಎಲ್ಲರ ಕೈಯಲ್ಲೂ ಕೆಂಪು ಗುಲಾಬಿ. ಎದುರು ಕೂತ ಆಂಟಿ ಪಾಪ ಕರ್ಚೀಫ್ ಚಾಚಿ, "ಹಣೆಗೇನೋ ಮೆತ್ತಿದೆ ನೋಡಮ್ಮ" ಅಂದರು. ಮುಂದೆ 2029ರಲ್ಲೂ ಇದೇ ಗ್ರಹಚಾರ ಇದೆ, ಈಗಲೇ ನೋಡಿಟ್ಟಿದ್ದೇನೆ. ಆಗ ನನಗೆ ಮದುವೆ ಆಗಿದ್ದರೆ ಗಂಡನಿಗೆ ಹೋಟೆಲ್ ಖರ್ಚು ಉಳಿತಾಯ.

ಸಾಂತಾ ವಿಷಯಕ್ಕೆ ಬಂದರೆ, ಸಂತ ನಿಕೊಲಸ್ ಈಗಿನ ಟರ್ಕಿಯ ಮೈರಾ ಎಂಬ ಊರಿನ ಬಿಷಪ್. ಅವರ ಹಬ್ಬ ಡಿಸೆಂಬರ್ 6ಕ್ಕೆ. ಇವತ್ತು ನೀವು ನೋಡುವ ಕೆಂಪು ಅಂಗಿ, ಡೊಳ್ಳು ಹೊಟ್ಟೆಯ ತಾತ 19ನೇ ಶತಮಾನದ ಅಮೆರಿಕದ ಪದ್ಯ, ವ್ಯಂಗ್ಯಚಿತ್ರಗಳಲ್ಲಿ ರೂಪುಗೊಂಡವನು. 1931ರಿಂದ ಕೋಕಾ ಕೋಲಾ ಜಾಹೀರಾತು ಅದೇ ರೂಪವನ್ನು ಲೋಕಕ್ಕೆಲ್ಲ ಹಂಚಿತು. ಇನ್ನು ಜಿಂಗಲ್ ಬೆಲ್ಸ್. 1857ರಲ್ಲಿ ಅಮೆರಿಕದ ಜೇಮ್ಸ್ ಪಿಯರ್‌ಪಾಂಟ್ ಪ್ರಕಟಿಸಿದ ಹಾಡು. ಅದರಲ್ಲಿ ಯೇಸುವೂ ಇಲ್ಲ, ಕ್ರಿಸ್‌ಮಸ್ ಎಂಬ ಮಾತೂ ಇಲ್ಲ, ಇರುವುದು ಹಿಮದ ಮೇಲೆ ಕುದುರೆ ಗಾಡಿ ಓಡಿಸುವ ಮಜಾ. ಹಿಮ ಕಾಣದ ಊರಿನಲ್ಲಿ, ಬೆವರು ಸುರಿಯುವ ಸಂಜೆಯಲ್ಲಿ, ನಮ್ಮ ವಾರ್ಡಿನ ಒಬ್ಬ ಹುಡುಗ ಪ್ಲಾಸ್ಟಿಕ್ ಮುಖವಾಡ ಹಾಕಿಕೊಂಡು ಅದಕ್ಕೆ ಕುಣಿಯುತ್ತಾನೆ. ಪ್ರತಿ ಮನೆಯ ಅಂಗಳ ಮುಟ್ಟಿದಾಗಲೂ ಮುಖವಾಡ ಮೇಲೆತ್ತಿ ನೀರು ಕೇಳುತ್ತಾನೆ. ಅದೂ ಚಂದವೇ. ಆದರೆ ಅದನ್ನೇ ಕ್ರಿಸ್‌ಮಸ್ ಅಂದುಕೊಂಡರೆ ನಮ್ಮ ಅಡುಗೆಮನೆಗೆ ಅನ್ಯಾಯ.

ಯಾಕಂದ್ರೆ ನಮ್ಮ ಕ್ರಿಸ್‌ಮಸ್ ಇರುವುದು ಕುಸ್ವಾರಿನಲ್ಲಿ. ಕುಸ್ವಾರ್ ಅಂದರೆ ಕ್ರಿಸ್‌ಮಸ್ ತಿಂಡಿಗಳ ಒಟ್ಟು ಸಂತೆ. ಮೈದಾ ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೋ ಫೋರ್ಕಿನ ಬೆನ್ನ ಮೇಲೋ ಒತ್ತಿ ಸುರುಳಿ ಮಾಡಿ ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ಕಿಡ್ಯೊ. ತೆಂಗಿನಕಾಯಿ, ಎಳ್ಳು, ದ್ರಾಕ್ಷಿ ತುಂಬಿದ ಅರ್ಧಚಂದ್ರ ನೆವ್ರಿ, ಅದನ್ನು ನೀವು ಕರ್ಜಿಕಾಯಿ ಅಂತೀರಿ. ಕಬ್ಬಿಣದ ಅಚ್ಚನ್ನು ಹಿಟ್ಟಿಗೆ ಅದ್ದಿ ಎಣ್ಣೆಯಲ್ಲಿ ಬಿಡಿಸುವ ರೋಸ್ ಕುಕ್ಕೀಸ್, ಜೊತೆಗೆ ಚಕ್ಕುಲಿ, ತುಕ್ಡಿ. ಒಬ್ಬರಿಂದ ಆಗುವ ಕೆಲಸವಲ್ಲ. ಚಿಕ್ಕಮ್ಮಂದಿರೆಲ್ಲ ಸೇರಿ ಊರಿನ ಸುದ್ದಿ ಹೇಳಿಕೊಂಡೇ ಮಾಡಬೇಕು. ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿಗೆ, ಹಸಿರು ಗದ್ದೆ ಬೇಕು ಅಂತ ಹತ್ತು ಹನ್ನೆರಡು ದಿನ ಮೊದಲೇ ತಟ್ಟೆಯಲ್ಲಿ ಭತ್ತವೋ ರಾಗಿಯೋ ಬಿತ್ತುತ್ತೇವೆ. ಬೆತ್ಲೆಹೆಮಿನ ಸುತ್ತ ತುಳುನಾಡಿನ ಗದ್ದೆ, ಒಂದು ಬಾವಿ, ಒಂದು ತೆಂಗಿನ ಮರ. ನಮ್ಮ ತಮ್ಮ ಒಂದು ವರ್ಷ ಕೆಎಸ್ಆರ್‌ಟಿಸಿ ಬಸ್ಸನ್ನೂ ನಿಲ್ಲಿಸಿದ್ದ. ಕೂಸು ಯೇಸುವನ್ನು ನೋಡಲು ಬಂದ ಮೂರು ಜ್ಞಾನಿಗಳು ಅದರಲ್ಲೇ ಬಂದಿಳಿದರಂತೆ.

ಈಗ ನಿಮ್ಮ ಪಟ್ಟಿಯಲ್ಲಿ ಇಲ್ಲದ ಹಬ್ಬ: ಮೊಂತಿ ಫೆಸ್ತ್. ಸೆಪ್ಟೆಂಬರ್ 8, ಮಾತೆ ಮರಿಯಳ ಜನ್ಮದಿನ. ಪೇಪರಿನಲ್ಲಿ ತೆನೆ ಹಬ್ಬ ಅಂತ ಬರೆಯುತ್ತಾರೆ, ತುಳುವಿನಲ್ಲಿ ಕುರಲ್ ಪರ್ಬ. ನಮ್ಮ ಮನೆಯಲ್ಲಿ ಯಾರನ್ನು ಕೇಳಿದರೂ ಕ್ರಿಸ್‌ಮಸ್ಸಿಗಿಂತ ಇದಕ್ಕೇ ಒಂದು ತೂಕ ಜಾಸ್ತಿ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಹೂವು ಕಿತ್ತುಕೊಂಡು ಚರ್ಚಿಗೆ ಹೋಗಿ ಬಾಲ ಮರಿಯಳ ಮೂರ್ತಿಗೆ ಎರಚುತ್ತಾರೆ. ಮಳೆಗಾಲ ಇನ್ನೂ ಮುಗಿದಿರುವುದಿಲ್ಲ. ಕೊಡೆ ಒಂದು ಕೈಯಲ್ಲಿ, ಹೂವಿನ ಬುಟ್ಟಿ ಇನ್ನೊಂದು ಕೈಯಲ್ಲಿ. ದಾಸವಾಳ, ಗೊರಟೆ, ಬೇಲಿಯಲ್ಲಿ ಸಿಕ್ಕ ಯಾವ ಹೂವಾದರೂ ನಡೆಯುತ್ತದೆ. ಪಕ್ಕದ ಮನೆ ಶೆಟ್ರ ಅಂಗಳದ ದಾಸವಾಳ ಆ ಒಂಬತ್ತು ದಿನ ನಮ್ಮ ಪಾಲಿಗೆ. ಕೇಳಿ ಕೀಳುವವರು ಕಡಿಮೆ, ಅವರು ಬೈದದ್ದೂ ಇಲ್ಲ.

ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ, ಮೆರವಣಿಗೆ, ಪೂಜೆ ಮುಗಿದ ಮೇಲೆ ಮಕ್ಕಳಿಗೆ ಕಬ್ಬು. ತೆನೆಯನ್ನು ಮನೆಗೆ ತಂದು ಯೇಸುವಿನ ಪಟದ ಹತ್ತಿರ ಇಟ್ಟು ಪ್ರಾರ್ಥಿಸುತ್ತೇವೆ. ನಾಲ್ಕು ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಹಾಕಿ ಮನೆಯ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಆಮೇಲೆ ಬಾಳೆ ಎಲೆ ಊಟ. ಮೀನಿಲ್ಲದೆ ಅನ್ನ ಇಳಿಯದ ನಮ್ಮ ಮನೆಯಲ್ಲಿ ಆವತ್ತು ಪೂರ್ತಿ ಸಸ್ಯಾಹಾರ. ಹಾಗಲ, ಬೆಂಡೆ, ಹೀರೆ, ಗೇರುಬೀಜ ಹಾಕಿದ ತೊಂಡೆಕಾಯಿ, ಅಮಟೆ ಹಾಕಿದ ಕೆಸುವಿನ ದಂಟು. ಪದಾರ್ಥಗಳ ಸಂಖ್ಯೆ ಬೆಸ ಆಗಿರಬೇಕು. ಲೆಕ್ಕ ತಪ್ಪಿದರೆ ಅಜ್ಜಿ ಉಪ್ಪಿನಕಾಯಿಯನ್ನೂ ಒಂದು ಪದಾರ್ಥ ಅಂತ ಎಣಿಸಿ ಸರಿ ಮಾಡುತ್ತಾರೆ. ಕುವೈತಿನಲ್ಲಿರುವ ಮಾವನಿಗೆ ಆಶೀರ್ವದಿಸಿದ ಭತ್ತದ ಕಾಳುಗಳನ್ನು ಲಕೋಟೆಯಲ್ಲಿ ಹಾಕಿ ಕಳಿಸುತ್ತೇವೆ. ಅವರು ಅಲ್ಲಿ ಅದನ್ನು ಪಾಯಸಕ್ಕೆ ಹಾಕಿ, ವಿಡಿಯೋ ಕಾಲ್ ಮಾಡಿ ತೋರಿಸಿದ ಮೇಲೇ ನಮ್ಮ ಮನೆಯ ಹಬ್ಬ ಮುಗಿಯುವುದು.

ಈಗ ನೀವೇ ಹೇಳಿ, ಹೊಸ ಅಕ್ಕಿ ಊಟ ಮಾಡುವ ನಿಮ್ಮ ಮನೆಗೂ ಇದಕ್ಕೂ ಎಷ್ಟು ದೂರ? ಹ್ಯಾಲೋವೀನಿಗಿಂತ ಹತ್ತಿರ ಅಲ್ವಾ? ಆದರೆ ರೀಲ್ಸ್‌ನಲ್ಲಿ ಇದು ಓಡುವುದಿಲ್ಲ. ಹಾಗಲಕಾಯಿ ಪಲ್ಯಕ್ಕೆ ಲೈಕ್ ಕೊಡುವವರು ಯಾರು?

ದೀಪಾವಳಿ ಬಗ್ಗೆ ಕೇಳಿದ್ದೀರಿ. ಪಟಾಕಿ ಹೊಡೆಯಲು ಯಾವ ಪಾದ್ರಿಯ ಅಪ್ಪಣೆಯೂ ಬೇಡ. ಆ ರಾತ್ರಿ ಅಕ್ಕಪಕ್ಕದ ಮನೆಯವರು ಬಲೀಂದ್ರನನ್ನು ಕೂಗಿ ಕರೆಯುವುದನ್ನು ನಮ್ಮ ಅಂಗಳದಲ್ಲಿ ನಿಂತು ಕೇಳುತ್ತೇವೆ. ಪೂಜೆ ಮಾಡುವುದಿಲ್ಲ, ಅವರು ಕೊಟ್ಟ ತಿಂಡಿ ಬಿಡುವುದೂ ಇಲ್ಲ. ಪ್ರಸಾದದ ವಿಷಯದಲ್ಲಿ ನಮ್ಮೊಳಗೇ ಒಮ್ಮತ ಇಲ್ಲ. ನನ್ನ ಪೆಂಟೆಕೋಸ್ಟಲ್ ಗೆಳತಿ ತಿನ್ನುವುದಿಲ್ಲ, ನಾನು ತಿನ್ನುತ್ತೇನೆ. ಬೈಬಲಿನಲ್ಲಿ, ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 8ನೇ ಅಧ್ಯಾಯದಲ್ಲಿ ಸಂತ ಪೌಲ ಇದೇ ಪ್ರಶ್ನೆ ಎತ್ತಿಕೊಂಡಿದ್ದಾನೆ. ಅಂದರೆ ಇದು ಎರಡು ಸಾವಿರ ವರ್ಷದ ಹಳೇ ಜಗಳ, ಇಬ್ಬರೂ ಅದೇ ಅಧ್ಯಾಯ ತೋರಿಸುತ್ತೇವೆ. ಕೊಡುವ ಮುಂಚೆ ಒಂದು ಮಾತು ಕೇಳಿದರೆ ಸಾಕು. ಬೇಡ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಅವರ ಪಾಲಿನದು ನನಗೆ ಕಳಿಸಿ. ನಮ್ಮ ಕಾರ್ಕಳದ ಅತ್ತೂರು ಜಾತ್ರೆಗೆ ಜನವರಿಯಲ್ಲಿ ಒಮ್ಮೆ ಬನ್ನಿ. ಸಂತ ಲಾರೆನ್ಸರ ಆ ಚರ್ಚಿಗೆ 2016ರಲ್ಲಿ ಬೆಸಿಲಿಕಾ ಪಟ್ಟ ಸಿಕ್ಕಿತು. ಮೇಣದ ಬತ್ತಿ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಯಾರು ಯಾವ ಧರ್ಮ ಅಂತ ಹೇಳಲು ಆಗುವುದಿಲ್ಲ.

ಸಿನಿಮಾ? ಅಯ್ಯೋ, ಅದೊಂದು ಬೇರೆ ಲೋಕ. ಹಳೇ ಸಿನಿಮಾಗಳಲ್ಲಿ ಕ್ಲಬ್ಬಿನಲ್ಲಿ ಕುಣಿಯುವವಳು ರೋಸಿಯೋ ಜೂಲಿಯೋ ಆಗಿರಲೇಬೇಕು. ಕಳ್ಳಸಾಗಣೆ ಮಾಡುವವನ ಕೊರಳಲ್ಲಿ ದೊಡ್ಡ ಶಿಲುಬೆ. ಪಾದ್ರಿ ಮಾತ್ರ ಎಲ್ಲರನ್ನೂ "ಮೈ ಸನ್" ಅನ್ನುವ ಸಾಧು. ಪಾಪ ನಿವೇದನೆ ಯಾವಾಗಲೂ ಗುಡುಗು ಮಳೆಯ ರಾತ್ರಿಯೇ ನಡೆಯುತ್ತದೆ. ನಾನು ಹೋಗುವುದು ಶನಿವಾರ ಸಂಜೆ. ಹಿಂದೆ ಸಾಲು, ಮಂಡಿ ನೋವಿನ ಅಜ್ಜಿಯರ ಗೊಣಗಾಟ. ಐದು ನಿಮಿಷದಲ್ಲಿ ಪಾದ್ರಿಗಳು "ಮೂರು ನಮೋ ಮರಿಯಾ ಹೇಳಿ" ಅಂತ ಕಳಿಸಿಬಿಡುತ್ತಾರೆ. ದೆವ್ವ ಬಿಡಿಸುವ ಹಾಲಿವುಡ್ ಸಿನಿಮಾ ನೋಡಿದವರೆಲ್ಲ ಮಾರನೇ ದಿನ ನನ್ನ ಹತ್ತಿರ ಬಂದು ಇದು ನಿಜಾನಾ ಅಂತ ಕೇಳುತ್ತಾರೆ. ಬಿಷಪ್ಪರ ಅಪ್ಪಣೆ ಇಲ್ಲದೆ ಯಾವ ಪಾದ್ರಿಯೂ ಹಾಗೆಲ್ಲ ಭೂತೋಚ್ಚಾಟನೆ ಮಾಡುವಂತಿಲ್ಲ, ಚರ್ಚಿನ ಕಾನೂನೇ ಇದೆ. ಅದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡಿ, ಆ ಸಿನಿಮಾಗಳನ್ನು ನಾನು ನೋಡುವುದಿಲ್ಲ. ಧರ್ಮದ ಕಾರಣಕ್ಕಲ್ಲ, ಹೆದರಿಕೆ ಆಗುತ್ತದೆ ಅಷ್ಟೇ. ಸ್ವಲ್ಪ ಒಳ್ಳೆಯ ಸುದ್ದಿಯೂ ಇದೆ. ಈಚಿನ ಕೆಲವು ಸಿನಿಮಾಗಳಲ್ಲಿ ಕರಾವಳಿಯ ಕ್ರಿಶ್ಚಿಯನ್ ಪಾತ್ರ ಬರೀ ಮೀನು ಕೊಳ್ಳುವ, ಸಾಲ ಕೊಡುವ, ಜಗಳ ಆಡುವ ಮಾಮೂಲಿ ಮನುಷ್ಯ ಆಗಿ ಬರುತ್ತಿದೆ. ನನಗೆ ಅಷ್ಟು ಸಾಕು.

ಕೊನೆಯದಾಗಿ ನಿಮ್ಮ ಸಹೋದ್ಯೋಗಿಯ ಮನೆ. ಖಂಡಿತ ಹೋಗಿ. 24ರ ಸಂಜೆ ಬೇಡ, ಎಲ್ಲರೂ ರಾತ್ರಿ ಪೂಜೆಗೆ ಹೊರಡುವ ಗಡಿಬಿಡಿಯಲ್ಲಿ ಇರುತ್ತಾರೆ. 25ರ ಮಧ್ಯಾಹ್ನ ಹಸಿದು ಹೋಗಿ. ನೀವು ಸಸ್ಯಾಹಾರಿ ಆಗಿದ್ದರೆ ಮೊದಲೇ ಹೇಳಿ, ಯಾಕಂದ್ರೆ ನಮ್ಮವರು ಸಾನ್ನಾದ (ನಮ್ಮ ಕಡೆಯ ಮೆತ್ತನೆ ಇಡ್ಲಿ) ಜೊತೆ ಹಂದಿ ಮಾಂಸ ಬಡಿಸಲು ತಯಾರಾಗಿ ಕೂತಿರುತ್ತಾರೆ. "ಹ್ಯಾಪಿ ಕ್ರಿಸ್‌ಮಸ್" ಅನ್ನಿ, "ಮೆರಿ" ಅನ್ನಿ, ಯಾವುದಾದರೂ ಆದೀತು. ಆದರೆ ಮುಂದೆ ಗುಡ್ ಫ್ರೈಡೇಗೆ ಮಾತ್ರ "ಹ್ಯಾಪಿ" ಅಂತ ಮೆಸೇಜ್ ಹಾಕಬೇಡಿ, ಅದು ಯೇಸು ಸತ್ತ ದಿನ, ನಾವು ಗಂಜಿ ಕುಡಿದು ಇರುತ್ತೇವೆ. ಇನ್ನು ಕೇಕ್ ತಗೊಂಡು ಹೋಗಬೇಡಿ, ಅವರ ಫ್ರಿಜ್ಜಿನಲ್ಲಿ ಆಗಲೇ ನಾಲ್ಕೈದು ಇರುತ್ತವೆ. ಕರ್ಜಿಕಾಯಿ, ಚಕ್ಕುಲಿಯೂ ಬೇಡ. ಒಳ್ಳೆಯ ಮೈಸೂರುಪಾಕ್ ಸಿಕ್ಕಿದರೆ ಅರ್ಧ ಕೆಜಿ ತಗೊಳ್ಳಿ, ಕುಸ್ವಾರಿನಲ್ಲಿ ಇಲ್ಲದ ತಿಂಡಿ ಅದೊಂದೇ.