ನೆರೆ ಇಳಿದ ಮನೆಗೆ ಕಾಲಿಡುವ ಮುನ್ನ

ಪ್ರಶ್ನೆ: ಘಟಪ್ರಭೆ ಉಕ್ಕಿ ಇಳಿದ ಊರಲ್ಲಿ ಮನೆಗಳ ಕೆಸರು ತೆಗೆಯಲು ನಮ್ಮ ಎನ್‌ಎಸ್‌ಎಸ್ ತಂಡದ 20 ಜನ ಹೊರಟಿದ್ದೇವೆ. ಗಮ್‌ಬೂಟು ಸಾಕೇ? ಇಲಿ ಜ್ವರಕ್ಕೆ ಮಾತ್ರೆ ಬೇಕೇ?
– ವಿದ್ಯಾರ್ಥಿನಿ, ಗೋಕಾಕ

ಉತ್ತರ: ಬೂಟಿಗಿಂತ ಮೊದಲು ಗೋಡೆ ನೋಡಿ. ಮಣ್ಣಿನ ಮಾಳಿಗೆಯ ಮನೆ ಬಿಸಿಲು ಬಿದ್ದ ದಿನವೂ ಕುಸಿಯಬಹುದು. ಬುಡ ನೆನೆದು ಮೆತ್ತಗಾಗಿರುತ್ತದೆ, ಮೇಲಿನ ಭಾರ ಹಾಗೇ ಇರುತ್ತದೆ. ಹೊಸ ಬಿರುಕು, ಉಬ್ಬಿದ ಗೋಡೆ, ಜಗ್ಗಿದ ತೊಲೆ ಕಂಡರೆ ಮನೆಯವರು ಎಷ್ಟೇ ಕೇಳಿಕೊಂಡರೂ ಒಳಗೆ ಹೋಗಬೇಡಿ. ಸಂಕೋಚಕ್ಕೆ ಒಪ್ಪಿಕೊಳ್ಳುವುದೇ ಹುಡುಗರು ಮಾಡುವ ದೊಡ್ಡ ತಪ್ಪು, ಆದ್ದರಿಂದ ಬೇಡ ಎನ್ನುವ ಕೆಲಸವನ್ನು ಒಬ್ಬರಿಗೇ ವಹಿಸಿ. ಮೀಟರ್ ಮುಳುಗಿದ್ದರೆ ಲೈನ್‌ಮನ್ ಬಂದು ಸಂಪರ್ಕ ತಪ್ಪಿಸುವವರೆಗೆ ಕಾಯಿರಿ. ನೀರಲ್ಲಿ ನಿಂತು ಮೇನ್ ಸ್ವಿಚ್ ಮುಟ್ಟಬಾರದು.

ಇಲಿ ಜ್ವರದ ಭಯ ನಿಜ. 2018ರ ಪ್ರವಾಹದ ನಂತರ ಕೇರಳದಲ್ಲಿ ಅದು ಹರಡಿತ್ತು. ಇಲಿ, ದನಗಳ ಮೂತ್ರ ಬೆರೆತ ನೀರಿನಿಂದ ರೋಗಾಣು ಚರ್ಮದ ಗಾಯ, ಕಣ್ಣು, ಬಾಯಿಯ ಮೂಲಕ ಒಳಸೇರುತ್ತದೆ. ತಡೆಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ 200 ಮಿ.ಗ್ರಾಂ ಕೊಡುವ ರೂಢಿಯಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿಯೇ ನುಂಗಿ, ಊಟದ ನಂತರ, ತುಂಬು ಲೋಟ ನೀರಿನೊಡನೆ. ನುಂಗಿದ ತಕ್ಷಣ ಮಲಗಿದರೆ ಅನ್ನನಾಳ ಸುಡುತ್ತದೆ. ಗರ್ಭಿಣಿಯರಿಗೆ ಇದು ಸಲ್ಲದು. ಮಾತ್ರೆ ಪೂರ್ಣ ರಕ್ಷಣೆಯಲ್ಲ. ತಿಂಗಳೊಳಗೆ ಜ್ವರ, ಮೀನಖಂಡದಲ್ಲಿ ನೋವು, ಕೆಂಪು ಕಣ್ಣು ಬಂದರೆ ಕೆಸರಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ಹೇಳಿ.

ಬೂಟಿನ ಬಾಯಿಗಿಂತ ಮೇಲೆ ನೀರಿರುವಲ್ಲಿ ಇಳಿಯಬೇಡಿ. ಒಳಗೆ ನೀರು ನಿಂತರೆ ಚರ್ಮ ನೆನೆದು ಬಿರಿಯುತ್ತದೆ. ಒಣ ಕಾಲುಚೀಲ 2 ಜೊತೆ ಇರಲಿ. ಹಾವು ಅಡಗಿರಬಹುದಾದ್ದರಿಂದ ಹಾಸಿಗೆ, ಕಟ್ಟಿಗೆ ರಾಶಿಯನ್ನು ಮೊದಲು ಉದ್ದ ಕೋಲಿನಿಂದ ಸರಿಸಿ.