ಮುಕ್ತ ವ್ಯಾಪಾರವಾ, ಆಮದು ಸುಂಕವಾ: ಬೆಳೆಗಾರನಿಗೆ ಯಾವುದು ಒಳ್ಳೆಯದು?

ಆಮದು ಸುಂಕ ಏರಿಸಿದರೆ ನಮ್ಮ ಅಡಿಕೆಗೆ ಬೆಲೆ ಬರುತ್ತೆ, ಅಲ್ಲಿವರೆಗೂ ಮಾರದೆ ಇಟ್ಟುಕೊಳ್ಳಲಾ ಅಂತ ಕೇಳಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ.

ಸೋಮವಾರಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಸಿಲ್ವರ್ ಓಕ್ ಮರಗಳಿಗೆ ಕಾಳುಮೆಣಸು ಹಬ್ಬಿಸಿದ್ದೇವೆ. 2017ರಲ್ಲಿ ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರಿಯಲ್ಲಿ ಬರುತ್ತಿದೆ ಅಂತ ಊರೆಲ್ಲ ಅದೇ ಮಾತು. ವಿಯೆಟ್ನಾಂನಿಂದ ನೇರವಾಗಿ ತಂದರೆ ಸುಂಕ ಜಾಸ್ತಿ. ಶ್ರೀಲಂಕಾ ಜೊತೆ 2000ದಿಂದ ಮುಕ್ತ ವ್ಯಾಪಾರ ಒಪ್ಪಂದ ಇದೆ, ಅಲ್ಲಿನ ಮಾಲಿಗೆ ಸುಂಕ ಕಡಿಮೆ. ಕೊಲಂಬೊದಲ್ಲಿ ಕಾಗದ ಬದಲಾದರೆ ಸಾಕು, ಮೆಣಸಿನ ಊರೇ ಬದಲಾಗುತ್ತೆ. ಬೆಳೆಗಾರರು ಕೂಗಾಡಿದೆವು. ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಿತು. ಮಾರ್ಚ್ 2018ರಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದು ನಿಷೇಧವೇ ಆಯಿತು.

ಅದೇ ಹೊತ್ತಿಗೆ ನಮ್ಮ ಕುಯ್ಲು ಮುಗಿದಿತ್ತು. ವ್ಯಾಪಾರಿ 420 ಅಂದ. ನಾನು ನಕ್ಕೆ. ಹೊರಗಿನ ಮಾಲೇ 500ಕ್ಕಿಂತ ಕೆಳಗೆ ಬರೋ ಹಾಗಿಲ್ಲ, ಇವನಿಗೆ 420ಕ್ಕೆ ಯಾಕೆ ಕೊಡಲಿ?

ತಪ್ಪು ಅಲ್ಲೇ ಆಗಿದ್ದು. ಕನಿಷ್ಠ ಆಮದು ಬೆಲೆಯನ್ನು ನಾನು ಬೆಂಬಲ ಬೆಲೆ ಅಂತ ಓದಿಕೊಂಡೆ. ಬೆಂಬಲ ಬೆಲೆ ಅಂದರೆ ಆ ರೇಟಿಗೆ ಸರ್ಕಾರ ಕೊಳ್ಳುತ್ತೆ. ಕನಿಷ್ಠ ಆಮದು ಬೆಲೆ ಅಂದರೆ ಬಂದರಿಗೆ ಬರುವ ಮಾಲಿನ ಬಿಲ್ಲಿನಲ್ಲಿ ಕಡಿಮೆ ಅಂದರೂ ಇರಬೇಕಾದ ಅಂಕಿ, ಅಷ್ಟೇ. ನನ್ನ ಚೀಲಕ್ಕೆ 500 ಕೊಡಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. 200ರ ಮಾಲಿಗೆ ಯಾರಾದರೂ 510ರ ಬಿಲ್ಲು ಬರೆಸಿಕೊಂಡರೆ ಕಾಗದದ ಮೇಲೆ ಎಲ್ಲ ಸರಿ. ವಿಯೆಟ್ನಾಂನಲ್ಲಿ ಬೆಳೆ ಹೆಚ್ಚಾಗಿ ಪ್ರಪಂಚದಲ್ಲೆಲ್ಲ ಬೆಲೆ ಇಳಿಯುತ್ತಿತ್ತು, ಅದನ್ನಂತೂ ನೋಡಲೇ ಇಲ್ಲ. ಹನ್ನೊಂದು ಚೀಲ ಹದಿನಾಲ್ಕು ತಿಂಗಳು ಅಟ್ಟದ ಮೇಲಿತ್ತು. ಎರಡಕ್ಕೆ ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಉಳಿದದ್ದನ್ನು 340ಕ್ಕೆ ಕೊಟ್ಟೆ, ಅದೇ ವ್ಯಾಪಾರಿಗೆ. ಪುಣ್ಯಾತ್ಮ ನಗಲಿಲ್ಲ.

ಇನ್ನು ಮುಕ್ತ ವ್ಯಾಪಾರವಾ, ಸುಂಕವಾ ಅನ್ನೋದು. ಬೆಳೆಗಾರನನ್ನು ಹಾಗೆ ಒಂದು ಕಡೆ ನಿಲ್ಲಿಸಬೇಡಿ. ನಮ್ಮ ದೇಶದ ಕಾಫಿಯಲ್ಲಿ ಮುಕ್ಕಾಲಿನ ಹತ್ತಿರ ಹೊರದೇಶಕ್ಕೇ ಹೋಗುತ್ತೆ. ನಾಳೆ ಯುರೋಪಿನವರು ಅದಕ್ಕೆ ಸುಂಕ ಜಡಿದರೆ ಮೊದಲು ಬೈಯೋನು ನಾನೇ. ಅದೇ ತೋಟದ ಮೆಣಸಿಗೆ ಬಂದಾಗ ಬಾಗಿಲು ಹಾಕಿ ಅಂತೀನಿ. ಮೆಣಸಿನ ಸಾರ ತೆಗೆದು ರಫ್ತು ಮಾಡುವ ಕೇರಳದ ಕಾರ್ಖಾನೆಗಳು ಬಾಗಿಲು ತೆಗೀರಿ ಅಂತಾವೆ. ಅವರದ್ದೂ ಹೊಟ್ಟೆಪಾಡೇ. ನನ್ನನ್ನು ಕೇಳಿದರೆ ಸುಂಕದ ಅಂಕಿಗಿಂತ ಮಾಲು ನಿಜವಾಗಿ ಯಾವ ದೇಶದ್ದು ಅಂತ ಬಂದರಿನಲ್ಲಿ ಬಿಗಿಯಾಗಿ ನೋಡೋದು ಮುಖ್ಯ. ಅದಿಲ್ಲದೆ 500 ಆದರೇನು, 1000 ಆದರೇನು?

ನಿಮ್ಮ ಅಡಿಕೆಗೂ 2023ರಿಂದ ಕಿಲೋಗೆ 351 ರೂಪಾಯಿ ಕನಿಷ್ಠ ಆಮದು ಬೆಲೆ ಇದೆ. ಅದನ್ನು ನಂಬಿ ಕೂರಬೇಡಿ. ಅರ್ಧ ಈಗಲೇ ಮಾರಿ. ಉಳಿದದ್ದು ಇಡೋದಾದರೆ ಬೆಳೆಸಾಲದ ಬಡ್ಡಿ ಲೆಕ್ಕ ಹಾಕಿ ಇಡಿ. ನಾನು ಆ ಲೆಕ್ಕ ಹಾಕಿದ್ದು ಮಾರಿ ಮನೆಗೆ ಬಂದ ಮೇಲೆ.